ಅಂಚಿನಲ್ಲಿ ಬಿಟ್ಟ ಜಾಗ

ಹೊಟ್ಟೆಕಿಚ್ಚಿನಿಂದ ಕೆಲಸ ಹೇಗೆ ಕೆಡುತ್ತದೆ ಎನ್ನುವುದನ್ನು ನಾನು ಅರವತ್ತು ಬ್ಯಾಡ್ಜುಗಳನ್ನು ಹೊಲಿದು ಕಲಿತೆ.

ಅರಸೀಕೆರೆಯಲ್ಲಿ ನನ್ನದು ಬ್ಯಾಡ್ಜಿನ ಅಂಗಡಿ. ಒಂದು ಕಂಪ್ಯೂಟರ್ ಎಂಬ್ರಾಯ್ಡರಿ ಮೆಷಿನ್ನು, ಅದಕ್ಕಿಂತ ಹಳೆಯದೊಂದು ಕಾಲಿನಲ್ಲಿ ತುಳಿಯುವ ಜಿಗ್‌ಜಾಗ್ ಮೆಷಿನ್ನು. ಸುತ್ತಲಿನ ಶಾಲೆಗಳಲ್ಲಿ ಅರ್ಧಕ್ಕೆ ಲಾಂಛನವೆಂದರೆ ಸಳ ಹುಲಿಯನ್ನು ಕೊಲ್ಲುತ್ತಿರುವುದೇ ಆಗಬೇಕು. ಎರಡಂಗುಲದ ಜಾಗದಲ್ಲಿ ಹುಲಿಯ ಬಾಯಿಗೆ ಮೂರು ಹಲ್ಲಿಗಿಂತ ಹೆಚ್ಚು ಕೂರಿಸಲು ಆಗುವುದಿಲ್ಲ ಎಂದು ಎಷ್ಟು ಹೆಡ್ಮಾಸ್ಟರುಗಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಆ ದಿನವೂ ಒಂದು ಹುಲಿಗೆ ಹಲ್ಲು ಕೂರಿಸುತ್ತಿದ್ದಾಗ ಅವಳ ಫೋನು ಬಂತು.

ಅವಳೆಂದರೆ ಹಳೇಬೀಡಿನ ಹೈಸ್ಕೂಲಿನಲ್ಲಿ ಮೂರು ವರ್ಷ ನನ್ನ ಪಕ್ಕ ಕೂತವಳು. ಅವಳು ಮಾದಿಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು, ನಾನು ಬಸ್ತಿಹಳ್ಳಿಯಿಂದ ನಡೆದು ಹೋಗುತ್ತಿದ್ದೆ. ಭಾನುವಾರ ನಮ್ಮ ಮನೆಗೆ ಬಂದರೆ ಇಬ್ಬರೂ ಬಸದಿಗೆ ಹೋಗಿ, ಅಲ್ಲಿನ ನುಣುಪು ಕಂಬಗಳಲ್ಲಿ ಮುಖ ನೋಡಿಕೊಂಡು ನಗುತ್ತಿದ್ದೆವು. ಲೆಕ್ಕ, ವಿಜ್ಞಾನದಲ್ಲಿ ಅವಳು ಮುಂದು. ಚಿತ್ರದಲ್ಲಿ ಮಾತ್ರ ನನ್ನ ಹತ್ತಿರಕ್ಕೂ ಸುಳಿಯುತ್ತಿರಲಿಲ್ಲ. ಅವಳು ಬರೆದ ಹಸುವನ್ನು ನೋಡಿ ಡ್ರಾಯಿಂಗ್ ಮೇಷ್ಟ್ರು, “ಇದು ಯಾವ ಕ್ಲಾಸಿನ ಬೆಂಚಮ್ಮ?” ಎಂದು ಕೇಳಿದ್ದರು. ಈಗ ಅವಳು, ನಮ್ಮ ದೇಶದ ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳಿಸಲು ನಡೆದಿರುವ ತಯಾರಿಯಲ್ಲಿ ಎಂಜಿನಿಯರು.

“ನಮ್ ಶಾಲೆಗೆ ಬರ್ತಾ ಇದೀನಿ ಕಣೇ,” ಎಂದಳು. “ವಿಜ್ಞಾನ ಸಂಘದ ಮಕ್ಳ ಜೊತೆ ಒಂದು ಮಧ್ಯಾಹ್ನ. ಅರವತ್ತು ಮಕ್ಳಿಗೂ ನಮ್ ತಂಡದ ಲಾಂಛನದ ಬ್ಯಾಡ್ಜು ಕೊಡ್ಬೇಕು. ಆಫೀಸಲ್ಲಿ ಒಪ್ಪಿಗೆ ತಗೊಂಡಿದೀನಿ. ನೀನೇ ಮಾಡ್ಕೊಡ್ಬೇಕು.”

“ಯಾನಕ್ಕೆ ಒಂದು ಲಾಂಛನ ಇಲ್ವಾ? ತಂಡಕ್ಕೂ ಬೇರೆ ಬೇಕಾ?”

“ಯಾನದ್ದು ಬೇರೆ, ಇದು ನಮ್ದು. ಇದರ ಐಡಿಯಾ ನಂದೇ ಕಣೇ!”

ನೀನೇ ಮಾಡಬೇಕು ಎಂದದ್ದು ಪ್ರೀತಿಯಿಂದಲೇ ಇರಬೇಕು. ಆದರೆ ಅವತ್ತು ನನ್ನ ಕಿವಿಗೆ ಅದು, ದೊಡ್ಡ ಮನೆಯವರು ಹಳೇ ಸೀರೆ ಕೊಡುವಾಗಿನ ದನಿಯಲ್ಲಿ ಬಿತ್ತು. ಐಡಿಯಾ ನಂದೇ ಎಂದ ಮಾತಂತೂ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು. ಲೆಕ್ಕ ಅವಳದಾಯಿತು, ಬೆಂಗಳೂರು ಅವಳದಾಯಿತು, ಆಕಾಶವೂ ಅವಳದಾಯಿತು. ಚಿತ್ರವೊಂದು ನನಗೆ ಉಳಿದಿತ್ತು, ಅದಕ್ಕೂ ಕೈ ಹಾಕಬೇಕಿತ್ತೆ? ಅವಳ ತಂಡ ಏನು ಕೆಲಸ ಮಾಡುತ್ತದೆ ಎಂದು ಕೇಳಲೂ ಇಲ್ಲ. ಕೇಳಿದರೆ ಹೇಳುತ್ತಾಳೆ, ಹೇಳಿದರೆ ಕೇಳಿಸಿಕೊಳ್ಳಬೇಕಾಗುತ್ತದೆ.

ಕೊಬ್ಬರಿ ವ್ಯಾಪಾರದ ನಮ್ಮ ಯಜಮಾನರಿಗೆ ಮಾತ್ರ ಹಿಗ್ಗೋ ಹಿಗ್ಗು. “ನಿನ್ ಜೊತೇಲಿ ಓದ್ದೋಳು ಆಕಾಶಕ್ಕೆ ಜನ ಕಳುಸ್ತಾವಳಲ್ಲೇ!” ಎಂದು ಮಂಡಿಯಲ್ಲೆಲ್ಲ ಹೇಳಿಕೊಂಡು ಬಂದರು. ಇಷ್ಟು ವರ್ಷದಿಂದ ನಾನು ಹುಲಿಗೆ ಹಲ್ಲು ಕೂರಿಸುತ್ತಿದ್ದೇನೆ, ಆ ಸುದ್ದಿಯನ್ನು ಇವರು ಮಂಡಿಯಲ್ಲಿ ಒಂದು ದಿನವೂ ಹೇಳಿದ್ದಿಲ್ಲ.

ಸಂಜೆ ಅವಳಿಂದ ಎರಡು ಫೈಲು ಬಂದವು. ಒಂದು ಲಾಂಛನದ ಚಿತ್ರ, ಇನ್ನೊಂದು ಅದರ ಸಂಕೇತಗಳ ವಿವರಣೆಯ ಒಂದು ಪುಟ. ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಎರಡನ್ನೂ ಪ್ರಿಂಟು ತೆಗೆಸಿದೆ. ಲಾಂಛನದ ಪ್ರತಿಯೊಂದು ಅಂಶಕ್ಕೂ ಅರ್ಥವಿದೆ ಎಂದು ವಿವರಣೆಯ ಹಾಳೆ ಶುರುವಾಗುತ್ತಿತ್ತು. ಅಷ್ಟು ಓದುವಷ್ಟರಲ್ಲಿ ನನಗೆ ಮೈಯುರಿಯಿತು. ಚಿತ್ರದ ಅರ್ಥವನ್ನು ನನಗೆ ಇವಳು ಹೇಳಿಕೊಡುತ್ತಾಳಾ, ಹಸುವನ್ನು ಬೆಂಚು ಮಾಡಿದವಳು? ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಜಿಗ್‌ಜಾಗ್ ಮೆಷಿನ್ನಿನ ಅಲ್ಲಾಡುತ್ತಿದ್ದ ಕಾಲಿನ ಕೆಳಗೆ ಇಟ್ಟೆ. ಮೆಷಿನ್ನು ಗಟ್ಟಿಯಾಗಿ ನಿಂತಿತು, ಹಾಳೆಯಿಂದ ಅಷ್ಟಾದರೂ ಉಪಯೋಗವಾಯಿತಲ್ಲ ಎಂದುಕೊಂಡೆ.

ಚಿತ್ರವನ್ನು ಗೋಡೆಗೆ ಅಂಟಿಸಿ ನೋಡಿದೆ. ಮೂರೂವರೆ ಅಂಗುಲದ ವೃತ್ತ, ಕಡುನೀಲಿ ನೆಲ. ಕೆಳಗೆ ಭೂಮಿಯ ಬಾಗು, ಅಲ್ಲಿಂದ ಮೇಲಕ್ಕೆದ್ದ ಕೇಸರಿ, ಬಿಳಿ, ಹಸಿರಿನ ಒಂದು ಎಳೆ, ತುದಿಯಲ್ಲಿ ಮೂರು ಚಿಕ್ಕ ನಕ್ಷತ್ರ. ಸುತ್ತಲೂ ದಪ್ಪ ಬಿಳಿ ಅಂಚು. ಚೆನ್ನಾಗಿತ್ತು. ಚೆನ್ನಾಗಿದೆ ಅನ್ನಿಸಿದ್ದಕ್ಕೇ ಇನ್ನಷ್ಟು ಸಿಟ್ಟು ಬಂತು. ಎಲ್ಲಾದರೂ ಒಂದು ತಪ್ಪು ಸಿಗಲಿ ಎಂದು ಕನ್ನಡಕ ಏರಿಸಿ ಹುಡುಕಿದೆ, ಸಿಕ್ಕಿತು. ಬಲಗಡೆ ಕೆಳಗೆ ಬಿಳಿ ಅಂಚು ಅರ್ಧ ಬೆರಳಗಲದಷ್ಟು ಕಡಿದುಹೋಗಿತ್ತು. ಆ ಸಂದಿನಲ್ಲಿ ಸಾಸಿವೆಯಷ್ಟು ಕಿತ್ತಳೆ ಬಣ್ಣದ ಚುಕ್ಕೆ. ಯಾರೋ ವೃತ್ತ ಮುಚ್ಚಲು ಮರೆತಿದ್ದಾರೆ, ಚುಕ್ಕೆ ಎಲ್ಲಿಂದಲೋ ಬಿದ್ದ ಕಸ. ಅಷ್ಟು ದೊಡ್ಡ ಕಡೆ ಇಷ್ಟೊಂದು ಓದಿದವರು ಕೂತು ಒಂದು ವೃತ್ತ ಪೂರ್ತಿ ಮಾಡಲಾಗಲಿಲ್ಲವಲ್ಲ ಎಂದು ಅವತ್ತು ಊಟ ಎರಡು ತುತ್ತು ಹೆಚ್ಚೇ ಸೇರಿತು.

ಬ್ಯಾಡ್ಜು ಮಾಡುವವರು ಯಾರೂ ಅಂಚನ್ನು ತೆರೆದು ಬಿಡುವುದಿಲ್ಲ. ಒಳಗಿನ ಚಿತ್ರ ಎಷ್ಟೇ ಸೊಗಸಾಗಿರಲಿ, ಬಟ್ಟೆಯನ್ನೂ ಅದರ ಹಿಂದೆ ಬಿಗಿಗಾಗಿ ಇಟ್ಟ ಬಕ್ರಮ್ಮನ್ನೂ ಒಟ್ಟಿಗೆ ಹಿಡಿದಿಡುವುದು ಅಂಚಿನ ದಾರ. ಒಂದು ಕಡೆ ಬಿಟ್ಟರೆ ಎರಡು ಒಗೆತಕ್ಕೆ ಎಳೆ ಎದ್ದು ಬಟ್ಟೆ ಬಾಯಿ ಬಿಡುತ್ತದೆ. ಹಾಗಾಗಿ ನಾನು ಹೆಚ್ಚು ಯೋಚಿಸಲಿಲ್ಲ. ಚಿತ್ರವನ್ನು ಕಂಪ್ಯೂಟರಿನಲ್ಲಿ ಹೊಲಿಗೆಯಾಗಿ ಪರಿವರ್ತಿಸುವುದಕ್ಕೆ ನಮ್ಮಲ್ಲಿ ಪಂಚಿಂಗ್ ಎನ್ನುತ್ತಾರೆ. ಆ ಪಂಚಿಂಗ್ ಮಾಡುವಾಗ ಚುಕ್ಕೆಯನ್ನು ಅಳಿಸಿ, ವೃತ್ತವನ್ನು ಮುಚ್ಚಿದೆ. ಅವಳ ತಪ್ಪು ತಿದ್ದಿದೆ ಎಂಬ ಸಮಾಧಾನ ಬೇರೆ.

ಉಳಿದ ಕೆಲಸ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಮೊದಲ ಮಾದರಿಯಲ್ಲಿ ನೀಲಿಯ ತುಂಬು ಹೊಲಿಗೆ ಬಟ್ಟೆಯನ್ನು ಎಳೆದುಕೊಂಡು ವೃತ್ತ ಮೊಟ್ಟೆಯಾಯಿತು. ನೀಲಿಯ ಕೆಳಗೆ ಅಡ್ಡದಿಕ್ಕಿನಲ್ಲಿ ಒಂದು ತೆಳು ಪದರ ಹೊಲಿಸಿ, ದಾರ ಎಳೆಯುವ ಕಡೆಗೆ ಆಕಾರವನ್ನು ಕೂದಲೆಳೆಯಷ್ಟು ಹಿಗ್ಗಿಸಿದ ಮೇಲೆ ದುಂಡಗಾಯಿತು. ಎರಡನೆಯದರಲ್ಲಿ ಕೇಸರಿ ಹಸಿರಿನ ನಡುವೆ ಬಿಳಿ ಹೂತೇ ಹೋಯಿತು. ಮೂರನೆಯದರಲ್ಲಿ ನಕ್ಷತ್ರಗಳು ನುಚ್ಚಕ್ಕಿಯ ಹಾಗೆ ಕಂಡವು. ಅಷ್ಟು ಸಣ್ಣ ನಕ್ಷತ್ರಕ್ಕೆ ಗೆರೆ ಹಾಕಿ ತುಂಬಿಸಲು ಹೋಗಬಾರದು. ನಡುವಿನಿಂದ ಹೊರಕ್ಕೆ ಐದು ಹೊಲಿಗೆ ಹಾಕಿ ಸುಮ್ಮನಿರಬೇಕು. ಕೈಕಸೂತಿ ಮಾಡಿದವರಿಗೆ ಮಾತ್ರ ಹೊಳೆಯುವ ಮಾತು ಅದು. ನಾಲ್ಕನೆಯ ಮಾದರಿಯಲ್ಲಿ ಮೂರು ನಕ್ಷತ್ರವೂ ಮಿನುಗಿದಾಗ, ಇದು ನಿನ್ನ ಕೈಲಾಗುತ್ತಿತ್ತೇನೇ ಎಂದು ಗೋಡೆಯ ಚಿತ್ರವನ್ನೇ ಕೇಳಿದೆ.

ಅಂಚು ಇನ್ನೂ ಹೊಲಿಯದ ಆ ಮಾದರಿಯ ಫೋಟೋ ಕಳಿಸಿದೆ. ತಕ್ಷಣ ಅವಳೇ ಫೋನು ಮಾಡಿದಳು.

“ಸೂಪರ್ ಕಣೇ! ಅಂಚು ಎಲ್ಲಿ?”

“ಅಂಚು ಕೊನೇಲಿ ಹಾಕೋದು.”

“ಅಂಚಿನ ವಿಷ್ಯ ಹಾಳೇಲಿ ಬರ್ದಿದೀನಿ, ನೋಡಿದ್ಯಲ್ಲ?”

“ಹೂಂ ಹೂಂ,” ಎಂದೆ. ಹಾಳೆ ನನ್ನ ಕಾಲಿನ ಹತ್ತಿರವೇ, ಮೆಷಿನ್ನಿನ ಕೆಳಗಿತ್ತು. ಬಗ್ಗಲಿಲ್ಲ.

ಒಂದು ಫ್ರೇಮಿಗೆ ನಾಲ್ಕರಂತೆ ಹೊಲಿದೆ. ನಡುವೆ ಕರೆಂಟು ಹೋಗಿ, ದಾರ ಕಡಿದು, ಒಂದೆರಡು ಕೆಟ್ಟು ಐದು ದಿನ ಹಿಡಿಯಿತು. ಅಂಚಿನಾಚೆಯ ಬಟ್ಟೆ ಕತ್ತರಿಸಿ ಎಣಿಸಿದಾಗ ಅರವತ್ತೆರಡಿದ್ದವು. ಕಾರ್ಯಕ್ರಮ ಮಾರನೆಯ ದಿನ ಮಧ್ಯಾಹ್ನ. ಬೆಳಿಗ್ಗೆ ಒಂಬತ್ತಕ್ಕೆಲ್ಲ ಕೈತೊಳೆದುಕೊಂಡೆ ಎಂದುಕೊಂಡು, ಬೇರೆ ಯಾರದೋ ರವಿಕೆಗೆ ಜಿಗ್‌ಜಾಗ್ ಹಾಕಲು ಕೂತೆ. ಮೆಷಿನ್ನು ಅಲ್ಲಾಡಿತು. ಕೆಳಗಿನ ಹಾಳೆ ಚಪ್ಪಟೆಯಾಗಿಹೋಗಿತ್ತು. ಇನ್ನೊಂದು ಮಡಿಕೆ ಹಾಕೋಣವೆಂದು ಎಳೆದು ಬಿಡಿಸಿದಾಗ, ಅಂಚು ಎಂಬ ಪದ ಕಣ್ಣಿಗೆ ಬಿತ್ತು.

ನಿಂತೇ ಓದಿದೆ. ಅವಳ ತಂಡದ ಕೆಲಸವೇನೆಂದು ನನಗೆ ತಿಳಿದದ್ದು ಆಗಲೇ. ಹೊರಡುವ ದಿನ ಮೂವರು ಯಾತ್ರಿಗಳನ್ನು ನೌಕೆಯೊಳಗೆ ಕರೆದೊಯ್ದು ಕೂರಿಸುವವರು, ಅವರ ಪಟ್ಟಿಗಳನ್ನು ಬಿಗಿಯುವವರು, ಬಾಗಿಲನ್ನು ಹೊರಗಿನಿಂದ ಮುಚ್ಚಿ ಕೆಳಗಿಳಿದು ಬರುವವರು. ಮೇಲಿನ ಮೂರು ನಕ್ಷತ್ರ ಆ ಮೂವರು. ಬಿಳಿ ಅಂಚು ನೌಕೆಯ ಬಾಗಿಲಿನ ಸುತ್ತು. ಅದರಲ್ಲಿ ಬಿಟ್ಟ ಜಾಗ, ಮುಚ್ಚುವವರು ನಿಲ್ಲುವ ಜಾಗ. ಬಾಗಿಲು ಮುಚ್ಚುವವರು ಒಳಗೆ ಹೋಗುವುದಿಲ್ಲ, ಆದರೆ ಅವರಿಲ್ಲದೆ ಬಾಗಿಲು ಪೂರ್ತಿಯಾಗುವುದಿಲ್ಲ, ಆದ್ದರಿಂದ ಸುತ್ತನ್ನು ಚುಕ್ಕೆಯೇ ಪೂರ್ತಿ ಮಾಡಬೇಕು ಎಂದು ಬರೆದಿದ್ದಳು. ಕಿತ್ತಳೆ ಚುಕ್ಕೆಯೇ ತಂಡ.

ಅಂದರೆ ನಾನು ಕಸವೆಂದು ಅಳಿಸಿದ್ದು ಅವಳನ್ನು.

ಮನಸ್ಸಿಗೆ ಮೊದಲು ಬಂದ ಯೋಚನೆಯನ್ನು ಮುಚ್ಚಿಡುವುದಿಲ್ಲ. ಹೀಗೇ ಕೊಟ್ಟುಬಿಡೋಣ ಅನ್ನಿಸಿತು. ನಾಳೆ ಅವಳು ವೇದಿಕೆಯ ಮೇಲೆ ನಿಂತು ಈ ಸಂದಿಗೆ ಅರ್ಥವೇನು ಗೊತ್ತೇ ಮಕ್ಕಳೇ ಎನ್ನುತ್ತಾಳೆ, ಮಕ್ಕಳು ಬ್ಯಾಡ್ಜು ತಿರುಗಿಸಿ ತಿರುಗಿಸಿ ನೋಡುತ್ತಾರೆ, ಸಂದು ಇರುವುದಿಲ್ಲ. ಅವಳ ಮುಖ ಹೇಗಾಗುತ್ತದೆಂದು ಕಣ್ಣು ಮುಚ್ಚಿ ನೋಡಿಕೊಂಡೆ. ರುಚಿಯಾಗಿತ್ತು. ಆದರೆ ಅಲ್ಲಿಗೇ ಬಿಡದೆ ಮುಂದೆ ಏನಾಗುತ್ತದೆ ಎಂದೂ ಯೋಚಿಸಿಬಿಟ್ಟೆ. ಅವಳು ಗೊಂದಲಪಡುವವಳಲ್ಲ. ನಕ್ಕು, “ಪಾಪ, ಹೊಲಿದೋರಿಗೆ ಗೊತ್ತಾಗಿಲ್ಲ, ಪರ್ವಾಗಿಲ್ಲ ಬಿಡಿ” ಅನ್ನುತ್ತಾಳೆ. ಅವಳ ಬಾಯಿಂದ ಆ ಪಾಪ ಎಂಬ ಮಾತು ನನಗೆ ಬೇಡವಾಗಿತ್ತು. ನಾನು ಅರವತ್ತನ್ನೂ ಬಿಚ್ಚಲು ನಿರ್ಧರಿಸಿದ್ದು ಇದಕ್ಕೇ. ಮನಸ್ಸು ಕರಗಿತು ಎಂದು ಬರೆದರೆ ಸುಳ್ಳಾಗುತ್ತದೆ.

ಹೊಸದಾಗಿ ಹೊಲಿಯಲು ಸಮಯವಿರಲಿಲ್ಲ, ಸಮಯವಿದ್ದರೂ ಅವತ್ತು ಲೈನಿನ ಕೆಲಸವೆಂದು ಸಂಜೆಯವರೆಗೆ ಕರೆಂಟಿಲ್ಲ. ಉಳಿದದ್ದು ಕಾಲಿನ ಮೆಷಿನ್ನು ಮತ್ತು ನನ್ನ ಕೈ.

ಮೊದಲನೆಯದನ್ನು ಕೆಡಿಸಿದೆ. ಬ್ಲೇಡಿನಿಂದ ಹಿಂಬದಿಯ ಬಾಬಿನ್ ದಾರ ಕಡಿದು ಅಂಚನ್ನು ಅರ್ಧ ಬೆರಳಗಲ ಬಿಚ್ಚಿದರೆ, ಅದು ಅಲ್ಲಿಗೆ ನಿಲ್ಲದೆ ಸ್ವೆಟರಿನ ಹಾಗೆ ಅರ್ಧ ಸುತ್ತು ಬಿಚ್ಚಿಕೊಂಡು ಕೈಗೆ ಬಂತು. ಮೊದಲು ಕಡಿಯಬಾರದು, ಮೊದಲು ಕಟ್ಟಬೇಕು ಎಂದು ಗೊತ್ತಾಯಿತು. ಬಿಡಬೇಕಾದ ಜಾಗದ ಎರಡೂ ಬದಿಗೆ ಬಿಳಿ ದಾರದಲ್ಲಿ ಕಾಲಿನ ಮೆಷಿನ್ನಿನಿಂದ ನಾಲ್ಕು ನಾಲ್ಕು ಗಂಟು ಹೊಲಿಗೆ ಹಾಕಿ, ಆಮೇಲೆ ನಡುವಿನದನ್ನು ಮಾತ್ರ ಬಿಚ್ಚಿದೆ. ನಿಂತಿತು. ಈಗ ತೆರೆದುಕೊಂಡ ಬಟ್ಟೆಯ ಅಂಚಿನ ಸಮಸ್ಯೆ. ಪಾಲಿಯೆಸ್ಟರು ಬಟ್ಟೆಯಾದ್ದರಿಂದ ಬಿಸಿ ತಾಗಿಸಿದರೆ ಎಳೆ ಕರಗಿ ಕೂಡಿಕೊಳ್ಳುತ್ತದೆ, ಆದರೆ ನನ್ನ ಬಿಸಿಕಡ್ಡಿಗೆ ಕರೆಂಟು ಬೇಕು.

ಅಷ್ಟರಲ್ಲಿ ಯಜಮಾನರು ಊಟದ ಡಬ್ಬಿ ಹಿಡಿದು ಬಂದರು. ವಿಷಯ ಹೇಳಿದೆ.

“ಅದ್ಕ್ಯಾಕೆ ಇಷ್ಟೊಂದು ಒದ್ದಾಡ್ತೀಯ? ಫೋನ್ ಮಾಡಿ ಹೇಳು, ಹಿಂಗಾಗೈತೆ ಅಂತ.”

“ಸತ್ರೂ ಹೇಳಲ್ಲ.”

“ಸ್ನೇಹಿತೆ ಅಲ್ವೇನೇ ಅವ್ಳು?”

“ಅದಕ್ಕೇ ಹೇಳಲ್ಲ ಕಣ್ರೀ.”

ಅವರು ನನ್ನ ಮುಖ ನೋಡಿದರು. ನಮ್ಮ ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನ ಹೊಟ್ಟೆಕಿಚ್ಚು ಅವರಿಗೆ ಅರ್ಥವಾದದ್ದು ಆಗಲೇ ಇರಬೇಕು. ಮಂಡಿಗೆ ಹೋಗಿ ಕೊಬ್ಬರಿ ಬಿಡಿಸುವ ಚಾಕು ತಂದರು. ಹಿಂದಿನ ಕೋಣೆಯ ಗ್ಯಾಸಿನ ಮೇಲೆ ಅದರ ತುದಿ ಕಾಯಿಸಿ, ಒಂದು ಹಳೇ ಚೂರಿನ ಮೇಲೆ ಪರೀಕ್ಷೆ ಮಾಡಿ, “ಹಿಂಗೆ ತಾನೇ?” ಎಂದರು. ಹಾಗೆಯೇ. ಬಟ್ಟೆಯ ಅಂಚು ನುಣ್ಣಗೆ ಕೂಡಿಕೊಂಡಿತ್ತು.

ಕೊನೆಯದು ಚುಕ್ಕೆ. ಕಿತ್ತಳೆ ದಾರ ಎರಡೆಳೆ ಮಾಡಿ, ಸೂಜಿಗೆ ಮೂರು ಸುತ್ತು ಸುತ್ತಿ, ಸಂದಿನ ನಡುವೆ ಗಂಟು ಕೂರಿಸಬೇಕು. ಬಿಳಿಯ ಎರಡೂ ತುದಿಯನ್ನು ಹಿಂಬದಿಯಲ್ಲಿ ಆ ಗಂಟಿಗೇ ಸೇರಿಸಿ ಬಿಗಿದರೆ ಎಳೆ ಏಳುವ ಪ್ರಶ್ನೆಯೇ ಇಲ್ಲ. ಹತ್ತನೆಯದೋ ಹನ್ನೊಂದನೆಯದೋ ಹಾಕುವಾಗ ನನಗೆ ತಟ್ಟಿತು, ಚುಕ್ಕೆಯೇ ಅಂಚನ್ನು ಹಿಡಿದುಕೊಂಡಿತ್ತು. ಹಾಳೆಯಲ್ಲಿ ಅವಳು ಬರೆದದ್ದೂ ಅದನ್ನೇ. ಅವಳಿಗೆ ಸೂಜಿ ಹಿಡಿಯಲು ಬರುವುದಿಲ್ಲ, ಆದರೂ ಸರಿಯಾಗಿ ಬರೆದಿದ್ದಳು. ಆ ಕ್ಷಣ ಅವಳ ಮೇಲೆ ಬಂದ ಅಸೂಯೆ ಅದಕ್ಕೂ ಹಿಂದಿನ ಎಲ್ಲಕ್ಕಿಂತ ದೊಡ್ಡದು. ಬೇರೆಯದಕ್ಕೆಲ್ಲ ಅವಳ ಅದೃಷ್ಟ ಎನ್ನಬಹುದಿತ್ತು. ಇದು ಒಳ್ಳೆಯ ಚಿತ್ರವಾಗಿತ್ತು.

ಸಂಜೆ ಬೆಳಕು ಇಳಿಯುವವರೆಗೆ ನಲವತ್ತನಾಲ್ಕು, ಮರುದಿನ ಬೆಳಿಗ್ಗೆ ಹದಿನಾರು. ಅರವತ್ತನೆಯದಕ್ಕೆ ಗಂಟು ಹಾಕಿ ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿದೆ. ಮುಚ್ಚಿದ ಅಂಚಿನದು ಒಂದು ಉಳಿದಿತ್ತು. ಅದನ್ನೂ ಪರ್ಸಿನಲ್ಲಿ ಹಾಕಿಕೊಂಡಿದ್ದೆ, ಯಾಕೆಂದು ಗೊತ್ತಿಲ್ಲ.

ಹಳೇಬೀಡಿನ ನಮ್ಮ ಶಾಲೆಯ ಸಭಾಂಗಣದಲ್ಲಿ ಬ್ಯಾಡ್ಜುಗಳನ್ನು ವಿಜ್ಞಾನದ ಮೇಡಮ್ಮಿನ ಕೈಗೆ ಕೊಟ್ಟು ಕೊನೆಯ ಬೆಂಚಿನಲ್ಲಿ ಕೂತೆ. ಅವಳ ತಲೆ ನನಗಿಂತ ಹೆಚ್ಚು ನರೆತಿತ್ತು. ಅದನ್ನು ನೋಡಿ ಒಂದು ಕ್ಷಣ ಖುಷಿಯಾಯಿತು. ಬ್ಯಾಡ್ಜು ಹಂಚಿದ ಮೇಲೆ ಒಂದೊಂದನ್ನೇ ವಿವರಿಸಿದಳು. ಬಾಗು, ಎಳೆ, ನಕ್ಷತ್ರ. ಸಂದಿನ ಬಗ್ಗೆ ಹೇಳುವಾಗ ಅರವತ್ತು ಹೆಬ್ಬೆರಳು ಒಟ್ಟಿಗೆ ಬ್ಯಾಡ್ಜಿನ ಬಲಗಡೆ ಕೆಳಗೆ ಹೋದವು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “ಹಂಗಾದ್ರೆ ನೀವು ಮೇಲಕ್ಕೆ ಹೋಗಲ್ವಾ ಮೇಡಂ?” ಎಂದು ಕೇಳಿದಳು.

“ಇಲ್ಲಮ್ಮ. ನಾನು ಬಾಗ್ಲು ಹಾಕೋಳು.”

ಮಕ್ಕಳು ಚಪ್ಪಾಳೆ ತಟ್ಟಿದರು. ಭಾಷಣದಲ್ಲಿ ಹೆಡ್ಮಾಸ್ಟರಿಗೆ, ವಿಜ್ಞಾನದ ಮೇಡಮ್ಮಿಗೆ, ಮೈಕಿನವರಿಗೆ ಕೂಡ ವಂದನೆ ಹೇಳಿದಳು. ನನ್ನ ಹೆಸರು ಬರಲಿಲ್ಲ. ಅದೇ ಒಂದು ಮಾತಿಗಾಗಿ ನಾನು ನಲವತ್ತು ಕಿಲೋಮೀಟರು ಬಂದಿದ್ದೆ ಎನ್ನುವುದು ಅದು ಬಾರದಿದ್ದಾಗಲೇ ತಿಳಿದದ್ದು. ಸರಸರನೆ ಎದ್ದು ಹೊರಗೆ ಬಂದೆ.

ಅವಳು ಬಸ್‌ಸ್ಟ್ಯಾಂಡಿನ ದಾರಿಯವರೆಗೆ ಹಿಂದೆಯೇ ಓಡಿ ಬಂದಳು, ಕೈಯಲ್ಲಿ ಯಾವುದೋ ಮಗುವಿನಿಂದ ಕೇಳಿ ಪಡೆದ ಒಂದು ಬ್ಯಾಡ್ಜು.

“ಏ, ನಿಂತ್ಕೊಳೇ! ಹೇಳ್ದೆ ಕೇಳ್ದೆ ಹೊಂಟೇಬಿಟ್ಯಲ್ಲ.”

“ಬಸ್ಸಿಗೆ ಹೊತ್ತಾಯ್ತು.”

ಅವಳು ಬ್ಯಾಡ್ಜನ್ನು ಮಗುಚಿ ಹಿಂಬದಿ ತೋರಿಸಿದಳು. ಶಾಲೆಯಲ್ಲಿ ಹೊಲಿಗೆ ಮೇಡಮ್ಮು ನಮ್ಮ ಕಸೂತಿಯ ಹಿಂಬದಿಯನ್ನೇ ಮೊದಲು ನೋಡಿ ಅಂಕ ಹಾಕುತ್ತಿದ್ದರು. ಅವಳಿಗೆ ಅದು ಮರೆತಿರಲಿಲ್ಲ. ಹಿಂದೆ, ಬಿಚ್ಚಿದ ಜಾಗದಲ್ಲಿ ಹಳೆಯ ಸೂಜಿತೂತುಗಳ ಸಾಲು ಹಾಗೇ ಕಾಣುತ್ತಿತ್ತು.

“ಮೊದ್ಲು ಮುಚ್ಚಿದ್ದೆ ಅಲ್ವಾ?”

ಸುಳ್ಳು ಹೇಳಲು ಬಾಯಿ ತೆರೆದೆ. “ಹೂಂ,” ಎಂದೆ.

“ಹಾಳೆ ಓದಿರ್ಲಿಲ್ಲ.”

“ಇಲ್ಲ. ನಿಂಗ್ ಗೊತ್ತಿತ್ತಾ?”

“ನೀನು ಹೂಂ ಹೂಂ ಅಂತ ಎರಡ್ ಸಲ ಅಂದ್ರೆ ಸುಳ್ಳು ಅಂತ ಎಂಟ್ನೇ ಕ್ಲಾಸಿಂದ ಗೊತ್ತು.” ನಗುತ್ತಲೇ ಹೇಳಿದವಳು ಆಮೇಲೆ ದನಿ ಇಳಿಸಿದಳು. “ಅಲ್ಲಿ ನಿನ್ ಹೆಸ್ರು ಹೇಳೋಣ ಅಂತಾನೇ ಇದ್ದೆ ಕಣೇ. ಹೇಳೋಕೆ ಆಗ್ಲಿಲ್ಲ. ಚಿತ್ರ ನಂದು ಅಂತ ಅಷ್ಟು ಜನರ ಮುಂದೆ ಒಂದೇ ಒಂದ್ ಸಲ ಹೇಳ್ಕೋಬೇಕು ಅನ್ನಿಸ್ತು. ನಿನ್ ಹೆಸ್ರು ಬಂದ್ರೆ ಮೇಷ್ಟ್ರೆಲ್ಲ ನಿನ್ನೇ ಹೊಗಳ್ತಾರೆ. ಚಿತ್ರ ಅಂದ್ರೆ ಯಾವಾಗ್ಲೂ ನೀನೇ ಅಲ್ವಾ ಇಲ್ಲಿ.”

ಇಷ್ಟು ವರ್ಷ ನಾನೊಬ್ಬಳೇ ಹೊಟ್ಟೆ ಉರಿದುಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದೆ.

“ಅಭ್ಯಾಸ ಮಾಡ್ತೀವಲ್ಲ,” ಎಂದಳು ಅವಳು, ಬ್ಯಾಡ್ಜಿನ ಚುಕ್ಕೆಯ ಮೇಲೆ ಉಗುರಾಡಿಸುತ್ತ. “ಮೂರು ಜನಾನ ಕೂರ್ಸಿ, ಪಟ್ಟಿ ಬಿಗ್ದು, ಬಾಗ್ಲು ಹಾಕ್ತೀವಿ. ಪ್ರತಿ ಸಲ ಬಾಗ್ಲು ಹಾಕ್ವಾಗ್ಲೂ ಉರೀತದೆ ಕಣೇ, ಇಲ್ಲಿ. ಅವ್ರು ಒಳ್ಳೇರು, ನಂಗೆ ಅಕ್ಕ ಅಂತಾರೆ. ಆದ್ರೂ ಉರೀತದೆ. ಅದ್ಕೇ ಆ ಜಾಗ ಬಿಟ್ಟಿದ್ದು. ಹಾಳೇಲಿ ಹಂಗೆ ಬರ್ಯೋಕಾಗಲ್ಲ, ಅದ್ಕೆ ಬೇರೆ ಥರ ಬರ್ದಿದೀನಿ.”

ಅರಸೀಕೆರೆಯ ಬಸ್ಸು ಬಂದು ನಿಂತಿತು. ನಾನು ಮೆಟ್ಟಿಲ ಮೇಲೆ ಕಾಲಿಟ್ಟಾಗ ಅವಳು ಕೇಳಿದಳು.

“ಮುಚ್ಚಿರೋದು ಒಂದಾದ್ರೂ ಉಳಿದೈತಾ? ಪೂರ್ತಿ ಸುತ್ತಿರೋದು? ಇದ್ರೆ ನಂಗ್ ಕೊಡೇ.”

ಯಾಕೆ ಬೇಕೆಂದು ಕೇಳುವ ಅಗತ್ಯವಿರಲಿಲ್ಲ. ಆ ಒಂದು ಬ್ಯಾಡ್ಜಿನಲ್ಲಿ ಹೊರಗೆ ನಿಂತವರು ಯಾರೂ ಇಲ್ಲ. ಪರ್ಸು ನನ್ನ ಕಂಕುಳಲ್ಲೇ ಇತ್ತು, ಒಳಗಿನ ಬ್ಯಾಡ್ಜಿನ ದುಂಡಗಿನ ಅಂಚು ಬಟ್ಟೆಯ ಮೇಲಿಂದಲೇ ಕೈಗೆ ಸಿಗುತ್ತಿತ್ತು.

“ಇಲ್ಲ ಕಣೇ,” ಎಂದೆ. “ಎಲ್ಲಾನೂ ಬಿಚ್ಚಿಬಿಟ್ಟೆ.”

ಒಂದೇ ಸಲ ಹೇಳಿದೆ, ನಂಬಿದಳು. ಆ ಬ್ಯಾಡ್ಜು ಈಗ ನನ್ನ ಮೆಷಿನ್ನಿನ ಡ್ರಾಯರಿನಲ್ಲಿದೆ. ಅವಳ ಹಾಳೆಯನ್ನೂ ಮೆಷಿನ್ನಿನ ಕಾಲ ಕೆಳಗಿನಿಂದ ತೆಗೆದು ಅದರ ಜೊತೆಗೇ ಇಟ್ಟಿದ್ದೇನೆ. ಮೆಷಿನ್ನು ಮತ್ತೆ ಅಲ್ಲಾಡುತ್ತದೆ. ನೌಕೆ ಹೊರಡುವ ದಿನ, ಅವಳು ಬಾಗಿಲು ಹಾಕಿ ಕೆಳಗೆ ಬಂದಳೆಂದು ಗೊತ್ತಾದ ಮೇಲೆ, ಅದನ್ನು ಅವಳಿಗೆ ಕಳಿಸಬೇಕೆಂದಿದ್ದೇನೆ. ಅಲ್ಲಿಯವರೆಗೆ ಕೊಡಲು ನನಗೆ ಮನಸ್ಸಿಲ್ಲ.